ಪೇಷಂಟ್ ಮಗ ಕೈ ತಿರುಚಿದ, ಮ್ಯಾನೇಜರ್ ಸುಮ್ಮನಿರು ಅಂತಾರೆ. ನಾನೊಬ್ಬಳೇ ಕಂಪ್ಲೇಂಟ್ ಕೊಡಬಹುದಾ?

ನೈಟ್ ಡ್ಯೂಟಿ, ದಾವಣಗೆರೆ

ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಶನಿವಾರ ರಾತ್ರಿ ಜಗಳೂರು ಕಡೆಯಿಂದ ಎದೆನೋವು ಅಂತ ಒಬ್ಬ ಹಿರಿಯರನ್ನು ಕರೆತಂದರು. ಜೊತೆಗೆ ಎಂಟು-ಹತ್ತು ಜನ. ಇಸಿಜಿ ತೆಗೆದು, ಡ್ಯೂಟಿ ಡಾಕ್ಟರ್‌ಗೆ ತೋರಿಸಿ, ಡ್ರಿಪ್ ಹಾಕಿದೆ. ಹಾರ್ಟ್ ಡಾಕ್ಟರ್ ಮನೆಯಿಂದ ಬರಬೇಕಿತ್ತು. ಅಷ್ಟರಲ್ಲಿ ಮಗ "ಏಯ್, ಎಲ್ಲೇ ನಿಮ್ಮ ಡಾಕ್ಟ್ರು?" ಅಂತ ಶುರು ಮಾಡಿದ. ಏಕವಚನ ದಿನಾ ಇದ್ದದ್ದೇ, ಬಿಡಿ. ಆಮೇಲೆ ಡ್ರಗ್ ಟ್ರಾಲಿ ಬೀಳಿಸಿ, ನನ್ನ ಎಡಗೈ ಹಿಡಿದು ತಿರುಚಿದ. ಮಣಿಕಟ್ಟು ಊದಿದೆ. ಸೆಕ್ಯುರಿಟಿ ಅಂತ ಇರೋದು ಗೇಟಿನ ಹತ್ತಿರ ಒಬ್ಬ ಅಜ್ಜ. ಪಾಪ, ಅವರೇನು ಮಾಡ್ತಾರೆ.

ಪೇಷಂಟ್ ಹುಷಾರಾಗಿದ್ದಾರೆ. ಮ್ಯಾನೇಜರ್ ಹೇಳಿದ್ದು: "ಅವರು ಸಾರಿ ಕೇಳಿದ್ರಲ್ಲಮ್ಮ, ಆಸ್ಪತ್ರೆ ಹೆಸರು ಯಾಕೆ ಹಾಳು ಮಾಡ್ತೀಯ?" ಆದರೆ ಟ್ರಾಲಿ ರಿಪೇರಿ, ಒಡೆದ ಇಂಜೆಕ್ಷನ್‌ಗಳ ದುಡ್ಡು ಮಾತ್ರ ಬಿಲ್ಲಿಗೆ ಸೇರಿಸಿ ವಸೂಲಿ ಮಾಡಿದ್ದಾರೆ!

ಖಾಸಗಿ ನರ್ಸ್‌ಗೂ ಕಾನೂನು ಇದೆಯಾ?

ನಿವೃತ್ತ ಸಿಸ್ಟರ್, ಚಿತ್ರದುರ್ಗ

ಇದೆ ತಾಯಿ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯೋಕೆ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ಸರ್ಕಾರಿ, ಖಾಸಗಿ ಎರಡಕ್ಕೂ ಸೇರುತ್ತೆ. ಡಾಕ್ಟರ್ ಮಾತ್ರ ಅಲ್ಲ, ನರ್ಸ್, ನರ್ಸಿಂಗ್ ಓದೋ ಮಕ್ಕಳೂ ಅದರಲ್ಲಿದ್ದಾರೆ. 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಜಾಮೀನು ಹಕ್ಕಾಗಿ ಸಿಗದ ಕೇಸು, ಕೊಡೋದು ಬಿಡೋದು ಕೋರ್ಟಿಗೆ ಬಿಟ್ಟದ್ದು.

ಮೊದಲು ಕೈ ತೋರಿಸು. ಜಿಲ್ಲಾಸ್ಪತ್ರೆ ಕ್ಯಾಶುವಾಲ್ಟಿಗೆ ಹೋಗಿ ಹೇಗಾಯಿತು ಅಂತ ಹೇಳಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗೋ ಗಾಯದ ದಾಖಲೆ) ಮಾಡಿಸು. ಊತ ಇಳಿದ ಮೇಲೆ ಹೋದರೆ ಏನೂ ಉಳಿಯಲ್ಲ. ಸಿಸಿಟಿವಿ ತುಣುಕು ತೆಗೆದಿಡಿ ಅಂತ ಮ್ಯಾನೇಜರ್‌ಗೆ ಬರೆದುಕೊಡು, ಹಳೆಯದು ತಾನಾಗೇ ಅಳಿಸಿಹೋಗುತ್ತೆ. ಠಾಣೆಗೆ ನೀನೊಬ್ಬಳೇ ಹೋಗಬಹುದು. ತಗೊಳ್ಳಲಿಲ್ಲ ಅಂದರೆ ಎಸ್‌ಪಿ ಆಫೀಸಿಗೆ ಅಂಚೆಯಲ್ಲಿ ಕಳಿಸು.

ನಮ್ಮ ಕಾಲದಲ್ಲಿ ಇಂಥದ್ದನ್ನೆಲ್ಲ ನುಂಗಿಕೊಂಡೇ ಪೆನ್ಶನ್ ತಗೊಂಡೆವು. ಹಾಗಾಗಿ ಹೇಳ್ತಿದ್ದೇನೆ.

ಹರಿಹರದವನು

ತಪ್ಪು ತಿಳ್ಕೋಬೇಡಿ ಮೇಡಂ. ನಮ್ಮ ಅಪ್ಪನನ್ನು ಕರೆದುಕೊಂಡು ಹೋದಾಗ ಅರ್ಧ ಗಂಟೆ ಯಾರೂ ಏನೂ ಹೇಳಲಿಲ್ಲ. ಕೋಪ ಬರುತ್ತೆ. ಕೈ ಮಾಡಿದ್ದು ತಪ್ಪೇ, ಆದ್ರೆ ಕೇಸ್ ಹಾಕಿ ಒಬ್ಬನ ಜೀವನ ಹಾಳು ಮಾಡಬೇಕಾ?

ಬ್ರದರ್, ಐಸಿಯು

ಹೇಳಲಿಲ್ಲ ಅಂತ ಡಾಕ್ಟರ್ ಮೇಲೆ ಯಾಕೆ ಕೈ ಮಾಡಲ್ಲ ಸಾರ್? ಮಂಚದ ಪಕ್ಕ ಸಿಗೋದು ಸಿಸ್ಟರ್, ಅದಕ್ಕೆ. ನಾನು ಗಂಡಸು, ನನಗೆ ಬೈತಾರೆ, ಕೈ ಎತ್ತಲ್ಲ.

ಇನ್ನೊಂದು ವಿಷಯ. ಕೋಲ್ಕತ್ತದ ಆಸ್ಪತ್ರೆಯಲ್ಲಿ ಟ್ರೇನಿ ಡಾಕ್ಟರ್ ಮೇಲೆ ಅತ್ಯಾಚಾರ, ಕೊಲೆ ಆದ ನಂತರ 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತನ್ನ ಆಸ್ಪತ್ರೆಗಳಿಗೆ ಆದೇಶ ಕೊಟ್ಟಿತು: ಹಲ್ಲೆಯಾದ 6 ಗಂಟೆಯೊಳಗೆ ಮುಖ್ಯಸ್ಥರೇ ಎಫ್‌ಐಆರ್ ಮಾಡಿಸಬೇಕು. ನಿಮ್ಮದು ಕೇಂದ್ರದ್ದಲ್ಲ, ಆದರೂ ಮ್ಯಾನೇಜರ್ ಮುಂದೆ ಇಡಿ.

ನೈಟ್ ಡ್ಯೂಟಿ, ದಾವಣಗೆರೆ

ಎಂಎಲ್‌ಸಿ ಆಯ್ತು. ಮೂಳೆ ಮುರಿದಿಲ್ಲ, ಸದ್ಯ. ಆ ರಾತ್ರಿ ಜೊತೆಗಿದ್ದ ಆಯಾ ಸಾಕ್ಷಿ ಹೇಳ್ತೀನಿ ಅಂತಾಳೆ. ಅವಳದು ಕಾಂಟ್ರಾಕ್ಟ್ ಕೆಲಸ. ಹೆಸರು ಬರೀಲಾ?

ನಿವೃತ್ತ ಸಿಸ್ಟರ್, ಚಿತ್ರದುರ್ಗ

ನೀನಾಗೇ ಬರೆಯಬೇಡ. ಪೊಲೀಸರು ಡ್ಯೂಟಿ ಪಟ್ಟಿ ಕೇಳಬಹುದು, ಹೆಸರು ಅಲ್ಲಿಂದ ಬರಲಿ. ಕಂಪ್ಲೇಂಟ್ ಕೊಟ್ಟಿದ್ದಕ್ಕೆ ಹಿಂಬರಹ (ಠಾಣೆಯವರು ಬರೆದುಕೊಡೋ ರಸೀದಿ) ಇಸ್ಕೊಳ್ಳೋದು ಮರೀಬೇಡ.