ಮೇಷ್ಟ್ರ ನೆನಪಿಗೆ ಕೂಡಿಸಿದ ದುಡ್ಡು: ಕ್ಯಾನ್ಸರ್ ಸಂಶೋಧನೆಗೆ ಕೊಟ್ಟರೆ ಏನಾಗುತ್ತದೆ?

ಎತ್ತಿನಹೊಳೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. ನಮ್ಮ ಹೈಸ್ಕೂಲಿನ ಮೇಷ್ಟ್ರು ಹೋದ ವರ್ಷ ಬಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ನೆನಪಿಗೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಸ್ವಲ್ಪ ದುಡ್ಡು ಕೂಡಿಸಿದ್ದೇವೆ. ದೊಡ್ಡ ಮೊತ್ತ ಅಲ್ಲ. ಊರಿನ ಹಿರಿಯರು ಯಾರಾದರೂ ಬಡವರ ಆಪರೇಷನ್‌ಗೆ ಕೊಡಿ, ಕಣ್ಣಿಗೆ ಕಾಣುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಕೆಲವರಿಗೆ ಸಂಶೋಧನೆಗೇ ಕೊಡಬೇಕು ಅಂತ ಆಸೆ, ಯಾಕೆಂದರೆ ಮೇಷ್ಟ್ರು ನಮಗೆ ವಿಜ್ಞಾನ ಹೇಳಿಕೊಟ್ಟವರು. ಆದರೆ ಸಂಶೋಧನೆಗೆ ಕೊಟ್ಟ ದುಡ್ಡು ಆಮೇಲೆ ಏನಾಗುತ್ತದೆ ಅಂತ ನಮಗೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಔಷಧಿ ಕಂಪನಿಗಳ ಹತ್ತಿರ ಕೋಟಿಗಟ್ಟಲೆ ಇದೆ, ಸರ್ಕಾರವೂ ಕೊಡುತ್ತದೆ, ನಮ್ಮ ದುಡ್ಡಿನಿಂದ ಅಲ್ಲಿ ಏನಾದರೂ ಆಗುತ್ತದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಬೇಲೂರು ಸಿಸ್ಟರ್:
ನಾನು ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನೆ ವಿಭಾಗದಲ್ಲಿ ನರ್ಸ್. ಕಂಪನಿಗಳ ಹತ್ತಿರ ದುಡ್ಡಿದೆ, ನಿಜ. ಆದರೆ ಅವರು ಹಾಕುವುದು ಮುಂದೆ ಮಾರಬಹುದಾದ ಔಷಧಿಗೆ. ಮಾರುವುದಕ್ಕೆ ಏನೂ ಇಲ್ಲದ ಪ್ರಶ್ನೆಗಳು ಎಷ್ಟೋ ಇವೆ.

ನಿಮ್ಮ ಮೇಷ್ಟ್ರ ಕಾಯಿಲೆಯನ್ನೇ ತಗೊಳ್ಳಿ. ಬಾಯಿ ಕ್ಯಾನ್ಸರ್ ಶುರುವಿನ ಹಂತದಲ್ಲಿ ಸಿಕ್ಕಾಗ ಕುತ್ತಿಗೆಯ ಗ್ರಂಥಿಗಳನ್ನು ಬಾಯಿಯ ಆಪರೇಷನ್ ಜೊತೆಗೇ ತೆಗೆದುಬಿಡಬೇಕಾ, ಅಥವಾ ಅಲ್ಲಿ ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕಾ ಅಂತ ಡಾಕ್ಟರುಗಳ ಮಧ್ಯೆಯೇ ಬಹಳ ವರ್ಷ ವಾದ ನಡೆದಿತ್ತು. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಡಾ. ಅನಿಲ್ ಡಿಕ್ರೂಜ್ ಅವರ ತಂಡ 2004ರಲ್ಲಿ ಇದನ್ನು ಪರೀಕ್ಷೆ ಮಾಡಲು ಶುರು ಮಾಡಿತು. ಫಲಿತಾಂಶ ಬಂದಿದ್ದು 2015ರಲ್ಲಿ. ಮೊದಲೇ ತೆಗೆದವರಲ್ಲಿ 3 ವರ್ಷದ ನಂತರ ಬದುಕಿದ್ದವರು ಶೇ. 80, ಕಾದು ನೋಡಿದವರಲ್ಲಿ ಶೇ. 67.5. ಇದರಲ್ಲಿ ಹೊಸ ಮಾತ್ರೆ ಇಲ್ಲ, ಹೊಸ ಮಷೀನ್ ಇಲ್ಲ, ಯಾವ ಕಂಪನಿಗೂ ಪೈಸೆ ಲಾಭ ಇಲ್ಲ. ಆಸ್ಪತ್ರೆಯೇ ಖರ್ಚು ಹಾಕಿ ಮಾಡಬೇಕಾಯಿತು.

ಅದೇ ಆಸ್ಪತ್ರೆಯಲ್ಲಿ ಇನ್ನೊಂದು. ನಿವೊಲುಮ್ಯಾಬ್ ಅಂತ ಇಮ್ಯುನೋಥೆರಪಿ ಇಂಜೆಕ್ಷನ್ ಇದೆ, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಜೊತೆ ಹೋರಾಡುವ ಹಾಗೆ ಮಾಡುವ ಔಷಧಿ, ಬೆಲೆ ಕೇಳಿದರೆ ನಮ್ಮ ಕಡೆಯವರು ಎದ್ದು ಬಂದುಬಿಡುತ್ತಾರೆ. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಜಾಸ್ತಿ ಆದವರಿಗೆ ಅದರ ಮಾಮೂಲಿ ಡೋಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯನ್ನು ಬೇರೆ ಔಷಧಿ ಜೊತೆ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರು ಶೇ. 16 ಇದ್ದಿದ್ದು ಶೇ. 43 ಆಯಿತು. ಡೋಸ್ ಕಡಿಮೆ ಮಾಡಿ ಅಂತ ಹೇಳುವ ಸಂಶೋಧನೆಗೆ ಕಂಪನಿ ಯಾಕೆ ದುಡ್ಡು ಕೊಡುತ್ತದೆ, ಹೇಳಿ? ಇಂಥ ಕಡೆಯೇ ಜನರ ದುಡ್ಡು ಬೇಕಾಗುವುದು.

ಸಣ್ಣ ದಾನ ಏನಕ್ಕೆ ಹೋಗುತ್ತದೆ ಅಂದರೆ, ಬಹಳ ಸಲ ಯಾರಿಗೂ ಕಾಣದ ಕೆಲಸಕ್ಕೆ. ಗಡ್ಡೆಯ ಚೂರುಗಳನ್ನು ಮೈನಸ್ 80 ಡಿಗ್ರಿಯಲ್ಲಿ ಇಡುವ ಫ್ರೀಜರ್‌ನ ಕರೆಂಟಿಗೆ, ಕೇಸ್ ಶೀಟ್ ನೋಡಿ ಕಂಪ್ಯೂಟರಿಗೆ ಹಾಕುವವರ ಸಂಬಳಕ್ಕೆ, ಆಪರೇಷನ್ ಆದವರು ಹೇಗಿದ್ದಾರೆ ಅಂತ ವರ್ಷಗಟ್ಟಲೆ ಫೋನ್ ಮಾಡಿ ಕೇಳುವ ನನ್ನಂಥವರಿಗೆ. ಗೋಡೆ ಮೇಲೆ ಹೆಸರು ಬರುವ ಕಟ್ಟಡಕ್ಕೆ ಕೊಡುವವರು ಸಿಗುತ್ತಾರೆ, ಇದಕ್ಕೆ ಸಿಗುವುದಿಲ್ಲ.

ಹಾಸನ ಉಪನ್ಯಾಸಕಿ:
ಸಿಸ್ಟರ್ ಹೇಳಿದ ಆ ಟಾಟಾ ಮೆಮೋರಿಯಲ್ ಶುರುವಾಗಿದ್ದೇ ದಾನದಿಂದ. ದೊರಾಬ್ಜಿ ಟಾಟಾ ಅವರ ಹೆಂಡತಿ ಮೆಹರ್‌ಬಾಯಿ 1931ರಲ್ಲಿ ರಕ್ತ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುವರ್ಷವೇ ಅವರ ಹೆಸರಲ್ಲಿ ರಕ್ತ ಕ್ಯಾನ್ಸರ್ ಸಂಶೋಧನೆಗೆ ಅಂತ ಟ್ರಸ್ಟ್ ಆಯಿತು, ಅದು ಈಗಲೂ ವಿಜ್ಞಾನಿಗಳಿಗೆ ನೆರವು ಕೊಡುತ್ತಿದೆ. ಆಸ್ಪತ್ರೆಯನ್ನು ಟಾಟಾ ಟ್ರಸ್ಟ್ 1941ರಲ್ಲಿ ತೆರೆಯಿತು. ಅಣುಶಕ್ತಿ ಇಲಾಖೆಯ ಕೈಗೆ ಬಂದಿದ್ದು 1962ರಲ್ಲಿ. ಮೊದಲು ಜನ ಶುರು ಮಾಡಿದರು, ಸರ್ಕಾರ ಆಮೇಲೆ ಬಂತು.

ಮಕ್ಕಳ ರಕ್ತ ಕ್ಯಾನ್ಸರ್ ಕಥೆಯೂ ಹೀಗೇ. 1947ರ ಹೊತ್ತಿಗೆ ಬಾಸ್ಟನ್‌ನಲ್ಲಿ ಡಾ. ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್ ಅನ್ನುವ ಔಷಧಿ ಕೊಟ್ಟು ನೋಡಿದರು. ಅದನ್ನು ತಯಾರಿಸಿ ಕೊಟ್ಟಿದ್ದು ನಮ್ಮ ಪಕ್ಕದ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಕೆಲವು ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು. ಆಗಿನ ಮಟ್ಟಿಗೆ ಅದೇ ದೊಡ್ಡ ವಿಷಯ. ಮುಂದಿನ ಕೆಲಸಕ್ಕೆ ದುಡ್ಡು ಬೇಕಲ್ವಾ, 1948ರಲ್ಲಿ ಅಲ್ಲಿನ ರೇಡಿಯೋದಲ್ಲಿ ಕ್ಯಾನ್ಸರ್ ಬಂದ ಒಬ್ಬ ಹುಡುಗನ ಮಾತು ಬಿತ್ತರ ಮಾಡಿದರು, ಕೇಳಿದ ಜನ ಕಳಿಸಿದ ದುಡ್ಡೇ 2 ಲಕ್ಷ ಡಾಲರ್ ದಾಟಿತು. ಆ ಹುಡುಗನನ್ನು ರೇಡಿಯೋದಲ್ಲಿ ಜಿಮ್ಮಿ ಅಂತ ಕರೆದಿದ್ದರು, ಅದಕ್ಕೇ ಆ ನಿಧಿಗೆ ಜಿಮ್ಮಿ ಫಂಡ್ ಅಂತ ಹೆಸರು. ಕಳಿಸಿದವರಲ್ಲಿ ನಿಮ್ಮ ಹಾಗೆ ಸಣ್ಣ ಮೊತ್ತ ಕೊಟ್ಟವರೇ ಬಹಳ.

ಅರಸೀಕೆರೆ ಅಣ್ಣ:
ಎಲ್ಲ ಸರಿ, ಆದರೆ ಹಿರಿಯರ ಮಾತನ್ನು ಹಗುರ ಮಾಡಬೇಡಿ ತಮ್ಮಾ. ನಮ್ಮ ಅತ್ತೆಗೆ ಚಿಕಿತ್ಸೆ ಕೊಡಿಸುವಾಗ ನೋಡಿದ್ದೇನೆ. ಆಪರೇಷನ್ ಪುಕ್ಕಟೆ ಆದರೂ ಬೆಂಗಳೂರಿಗೆ ಓಡಾಟ, ಉಳಿಯುವ ಜಾಗ, ಜೊತೆಗಿದ್ದವರ ಕೂಲಿ ಹೋಗುವುದು, ಇದಕ್ಕೇ ಜನ ಅರ್ಧಕ್ಕೆ ಬಿಟ್ಟು ಬರುತ್ತಾರೆ. ಮಲೆನಾಡಿನ ಮಳೆಗಾಲದಲ್ಲಂತೂ ಶಿರಾಡಿ ಘಾಟ್ ಮುಚ್ಚಿದರೆ ಮಂಗಳೂರಿನ ಆಸ್ಪತ್ರೆಗೂ ಹೋಗುವ ಹಾಗಿಲ್ಲ. ಮೊದಲು ಈಗಿರುವ ಚಿಕಿತ್ಸೆ ಮುಟ್ಟಲಿ, ಹೊಸದು ಆಮೇಲೆ ಹುಡುಕೋಣ ಅಂತ ನನಗೆ ಅನ್ನಿಸುತ್ತದೆ.

ಬೇಲೂರು ಸಿಸ್ಟರ್:
ಅಣ್ಣ, ನೀವು ಹೇಳಿದ್ದು ಸಂಶೋಧನೆಯ ವಿಷಯವೂ ಹೌದು. ಅರ್ಧಕ್ಕೆ ಬಿಟ್ಟವರು ಎಲ್ಲಿ ಹೋದರು ಅಂತ ಗೊತ್ತಾಗದಿದ್ದರೆ ಔಷಧಿ ಕೆಲಸ ಮಾಡಿತಾ ಇಲ್ವಾ ಅಂತ ಹೇಳುವುದಕ್ಕೇ ಆಗುವುದಿಲ್ಲ. ಟಾಟಾದ ಮಕ್ಕಳ ವಿಭಾಗದಲ್ಲಿ ದಾನದ ದುಡ್ಡಿನಿಂದ ಊಟ, ವಸತಿ, ಔಷಧಿ ಎಲ್ಲ ನೋಡಿಕೊಳ್ಳುವುದಕ್ಕೆ ಶುರು ಮಾಡಿದ ಮೇಲೆ ಚಿಕಿತ್ಸೆ ಬಿಟ್ಟು ಹೋಗುವವರು ಶೇ. 20ರ ಸುಮಾರಿಗೆ ಇದ್ದಿದ್ದು ಶೇ. 5ಕ್ಕಿಂತ ಕೆಳಗೆ ಬಂತು. ಮಕ್ಕಳೂ ಉಳಿದರು, ಲೆಕ್ಕವೂ ಪೂರ್ತಿ ಸಿಕ್ಕಿತು. ಹಿರಿಯರಿಗೆ ಇದನ್ನು ಹೇಳಿ ನೋಡಿ.

ಮೂಡಿಗೆರೆ ಕಾಫಿ ತೋಟ:
ಲೆಕ್ಕಪತ್ರದ ವಿಷಯ ಸ್ವಲ್ಪ. ತೆರಿಗೆ ರಿಯಾಯಿತಿ ಬೇಕಾದರೆ 2000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ, ಬ್ಯಾಂಕ್ ಮೂಲಕವೇ ಕಳಿಸಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ದಾನದ ಈ ರಿಯಾಯಿತಿ ಸಿಗುವುದೇ ಇಲ್ಲ. ನಮ್ಮಂಥ ತೋಟದವರಲ್ಲೂ ಕಾಫಿಯ ಹಸಿ ಹಣ್ಣು ಮಾರುವವರ ಆದಾಯ ಕೃಷಿಯದ್ದೇ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಯಾಯಿತಿ ನೋಡಿ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಇನ್ನೊಂದು ಮುಖ್ಯ: ವಾಟ್ಸಾಪ್‌ನಲ್ಲಿ ಮಗುವಿನ ಫೋಟೋ ಹಾಕಿ ಕ್ಯೂಆರ್ ಕೋಡ್ ಕಳಿಸುವವರಿಗೆ ಕೊಡಬೇಡಿ. ಟ್ರಸ್ಟ್ ಆದರೆ ನೋಂದಣಿ ಕೇಳಿ, ಹಿಂದಿನ ವರ್ಷದ ಆಡಿಟ್ ವರದಿ ಕೇಳಿ. ಕೊಡುವುದಕ್ಕೆ ಹಿಂದೆ ಮುಂದೆ ನೋಡಿದರೆ ಅಲ್ಲಿಗೆ ಬಿಡಿ. ರೋಗಿಗಳ ಮೇಲೆ ಯಾವ ಚಿಕಿತ್ಸೆಯ ಪರೀಕ್ಷೆ ನಡೆಯುತ್ತಿದೆ, ಅದಕ್ಕೆ ದುಡ್ಡು ಯಾರದ್ದು ಅಂತ ಸರ್ಕಾರದ ಕ್ಲಿನಿಕಲ್ ಟ್ರಯಲ್ ನೋಂದಣಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು.

ಎತ್ತಿನಹೊಳೆ ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾಯಿ ಕ್ಯಾನ್ಸರ್ ರೋಗಿಗಳ ಓಡಾಟಕ್ಕೆ ಮತ್ತು ಆಮೇಲೆ ಅವರು ಹೇಗಿದ್ದಾರೆ ಅಂತ ವಿಚಾರಿಸುವ ಕೆಲಸಕ್ಕೆ ಕೊಟ್ಟರೆ ಇಬ್ಬರ ಮಾತೂ ನಡೆದ ಹಾಗಾಗುತ್ತದೆ ಅಂತ ಕಾಣುತ್ತದೆ, ಭಾನುವಾರ ಸೇರಿದಾಗ ಹೇಳುತ್ತೇನೆ. ಸಿಸ್ಟರ್, ಆಸ್ಪತ್ರೆಗೆ ಹಾಗೆ ಇದಕ್ಕೇ ಬಳಸಿ ಅಂತ ಹೇಳಿ ಕೊಡಬಹುದಾ?

ಬೇಲೂರು ಸಿಸ್ಟರ್:
ಕೊಡಬಹುದು. ದುಡ್ಡು ಹಾಕುವ ಮೊದಲೇ ಕೇಳಿ, ಅಂಥ ಖಾತೆ ಅವರಲ್ಲಿ ಇದೆಯಾ ಅಂತ. ಪತ್ರದಲ್ಲಿ ಮೇಷ್ಟ್ರ ಹೆಸರು ಮತ್ತು ಯಾವುದಕ್ಕೆ ಅನ್ನುವುದನ್ನು ಬರೆಯಿರಿ, ವರ್ಷದ ಕೊನೆಗೆ ಖರ್ಚಿನ ವಿವರ ಬೇಕು ಅಂತಲೂ ಸೇರಿಸಿ. ತೀರಾ ಬಿಗಿಯಾಗಿ, ಇಂಥ ಒಂದೇ ವಸ್ತುವಿಗೆ ಅಂತ ಮಾತ್ರ ಕಟ್ಟಿಹಾಕಬೇಡಿ. ಆಮೇಲೆ ಅದು ಬೇಡವಾದರೆ ದುಡ್ಡು ಸುಮ್ನೆ ಬ್ಯಾಂಕಿನಲ್ಲಿ ಕೂರುತ್ತದೆ.