ಪದಚರ್ಚೆ: ‘ಇನಾಮಿನ’ ಎಂಬಲ್ಲಿ ಇಟಾಲಿಕ್ ಎಲ್ಲಿಗೆ ಮುಗಿಯಬೇಕು?

ಎಲ್ಲರಿಗೂ ನಮಸ್ಕಾರ.

ಕಲಬುರಗಿ ಸೀಮೆಯ ಜಮೀನುಗಳ ಕುರಿತ ಹಳೆಯ ಪುಸ್ತಿಕೆಯೊಂದನ್ನು ಜೆರಾಕ್ಸ್ ಪ್ರತಿ ನೋಡಿಕೊಂಡು ಬೆರಳಚ್ಚು ಮಾಡುತ್ತಿದ್ದೇನೆ. 1948ರವರೆಗೆ ನಿಜಾಮರ ಆಡಳಿತವಿದ್ದ ನೆಲ. ಹಾಗಾಗಿ ಪುಟಪುಟದಲ್ಲೂ ಸನದು (ಸರ್ಕಾರದ ಹಕ್ಕುಪತ್ರ), ಇನಾಮು (ದತ್ತಿಯಾಗಿ ಕೊಟ್ಟ ಜಮೀನು), ದಫ್ತರ (ಕಚೇರಿಯ ಕಡತ). ಇವನ್ನೆಲ್ಲ ಇಟಾಲಿಕ್‌ನಲ್ಲಿ, ಅಂದರೆ ಬಲಕ್ಕೆ ಓರೆಯಾದ ಅಕ್ಷರದಲ್ಲಿ, ಅಚ್ಚು ಮಾಡಿದ್ದಾರೆ. ಯಾವುದು ಕಚೇರಿಯ ಪರಿಭಾಷೆ, ಯಾವುದು ಲೇಖಕರ ಮಾತು ಎಂದು ತಿಳಿಯುವುದೇ ಅದರಿಂದ. ಅದನ್ನು ಕೈಬಿಡಲು ನನಗೆ ಮನಸ್ಸಿಲ್ಲ.

ಅಂತರಜಾಲದ ಮುಕ್ತ ಗ್ರಂಥಾಲಯವಾದ ವಿಕಿಸೋರ್ಸ್‌ನ ಪದ್ಧತಿಯಂತೆ, ಪದ ಓರೆಯಾಗಿ ಕಾಣಲೆಂದು ಅದರ ಎರಡೂ ಬದಿಗೆ ಎರಡೆರಡು ಅಪಾಸ್ಟ್ರಫಿ ಹಾಕುತ್ತಿದ್ದೇನೆ. ದುಂಡು ಅಕ್ಷರಗಳ ಮಸುಕು ಪ್ರತಿಯಲ್ಲಿ ಓರೆ ಎಲ್ಲಿ ಮುಗಿಯಿತೆಂದು ಕಾಣುವುದಿಲ್ಲ, ವ್ಯಾಕರಣವನ್ನೇ ಕೇಳಬೇಕು. ‘ದಫ್ತರದಲ್ಲಿ’ ಸುಲಭ: ‘ದ’ ಆಗಮವಾಗಿ ಬಂದದ್ದು, ‘ದಫ್ತರ’ಕ್ಕೇ ಗುರುತು ಮುಗಿಸಬಹುದು. ‘ಇನಾಮಿನ’ ಬಂದಾಗ ಕೈ ನಿಂತಿತು. ಇನಾಮು + ಇನ. ಲೋಪಸಂಧಿಯಲ್ಲಿ ಉಕಾರ ಹೋಗಿ ‘ಮಿ’ ಆಯಿತು. ಅದರೊಳಗಿನ ಮಕಾರ ಪ್ರಕೃತಿಯದು, ಇಕಾರ ಪ್ರತ್ಯಯದ್ದು. ಒಂದೇ ಅಕ್ಷರದ ಅರ್ಧ ಓರೆ, ಅರ್ಧ ನೆಟ್ಟಗೆ ಆಗುವುದುಂಟೇ? ನಡುವೆ ಗುರುತು ತೂರಿಸಿಯೂ ನೋಡಿದೆ. ಗುಡಿಸು ತಬ್ಬಲಿಯಾಗಿ ಚುಕ್ಕೆಗಳ ವೃತ್ತವೊಂದರ ಮೇಲೆ ಕುಳಿತಿತು.

ಇಂಗ್ಲಿಷಿನ ಪದ್ಧತಿ ಇಲ್ಲಿ ನೆರವಾಗದು. ಅಲ್ಲಿ ‘ಆಫ್’, ‘ಇನ್’ ಬೇರೆ ಪದಗಳಾಗಿಯೇ ನಿಲ್ಲುತ್ತವೆ. ನನ್ನ ಅಭಿಪ್ರಾಯ: ವಿಭಕ್ತಿ ಸೇರಿ ಇಡೀ ಪದ ಓರೆಯಾಗಲಿ, ‘ದಫ್ತರದಲ್ಲಿ’ ಕೂಡ. ಒಂದೇ ಸಾಲಿನಲ್ಲಿ ಒಂದು ಪದ ಪೂರ್ತಿ ಓರೆ, ಪಕ್ಕದ್ದು ಅರೆ ಓರೆ ಇದ್ದರೆ ಓದುಗರು ಅದಕ್ಕೇನೋ ಅರ್ಥವಿದೆಯೆಂದು ಹುಡುಕುತ್ತಾರೆ. ಪೂರ್ಣವಿರಾಮ, ಅಲ್ಪವಿರಾಮಗಳನ್ನು ಮಾತ್ರ ಗುರುತಿನ ಹೊರಗಿಡುತ್ತಿದ್ದೇನೆ. ಒಪ್ಪದವರು ಕಾರಣ ಬರೆಯಿರಿ.

ಇನ್ನು ಹೆಸರಿನ ಮಾತು. ಆಲ್ಡಸ್ ಮನುಶಿಯಸ್ ಎಂಬ ಮುದ್ರಕ 1501ರಲ್ಲಿ ವೆನಿಸ್‌ನಲ್ಲಿ ಲ್ಯಾಟಿನ್ ಕವಿ ವರ್ಜಿಲನ ಕೃತಿಗಳನ್ನು ಈ ಬಗೆಯ ಅಕ್ಷರದಲ್ಲಿ ಅಚ್ಚು ಹಾಕಿದ. ಇಟಲಿಯಿಂದ ಬಂದದ್ದರಿಂದ ಇಟಾಲಿಕ್. ಅದು ಅಲ್ಲಿನ ಕೈಬರಹವನ್ನು ನೋಡಿ ಕೊರೆದ ಅಕ್ಷರ. ಕನ್ನಡದಲ್ಲಿ ನಾವು ಸಾಮಾನ್ಯವಾಗಿ ಕಾಣುವುದು ನೆಟ್ಟಗಿನ ಅಕ್ಷರವನ್ನೇ ತಂತ್ರಾಂಶ ವಾಲಿಸಿದ್ದು: ತಲೆಕಟ್ಟು ಬಲಕ್ಕೆ ಜಾರುತ್ತದೆ, ಒತ್ತಕ್ಷರ ಎಡಕ್ಕೆ. ಅದಕ್ಕೆ ‘ಓರೆ ಅಕ್ಷರ’ ಎನ್ನುವುದೇ ಸರಿಯೆಂದು ನನಗನಿಸುತ್ತದೆ. ‘ವಾಲಕ್ಷರ’ ಎಂದರೆ ಬೀಳಲಿರುವ ಗೋಡೆ ನೆನಪಾಗುತ್ತದೆ.

ಇಲ್ಲಿನ ಡಿಟಿಪಿ ಅಂಗಡಿಗಳಲ್ಲಿ ಇಟಾಲಿಕ್ ಎಂದೇ ಹೇಳುತ್ತಾರೆ. ಕಲಬುರಗಿ, ಬೀದರ್, ಯಾದಗಿರಿಯ ಮುದ್ರಣಾಲಯಗಳಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯರು ಇದನ್ನು ಏನೆಂದು ಕರೆಯುತ್ತಿದ್ದರು? ಕೇಳಿ ಬಲ್ಲವರು ದಯವಿಟ್ಟು ತಿಳಿಸಿ.