ಬದಿಯಡ್ಕದಲ್ಲಿ ಮನೆ, ಮಂಗಳೂರಲ್ಲಿ ಆಸ್ಪತ್ರೆ: ಅಪ್ಪ ಅಮ್ಮನಿಗೆ ಯಾವ ಹೆಲ್ತ್ ಇನ್ಶೂರೆನ್ಸ್?

ಬದಿಯಡ್ಕದವ:
ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಅಪ್ಪನಿಗೆ 66, ಅಮ್ಮನಿಗೆ 61. ಇಬ್ಬರಿಗೂ ಸೇರಿ 5 ಲಕ್ಷದ ಪಾಲಿಸಿ, ಆರು ವರ್ಷದಿಂದ ಒಂದೇ ಖಾಸಗಿ ಕಂಪನಿ. ಹೋದ ವರ್ಷ ಜಿಎಸ್‌ಟಿ ಸೇರಿ 34,000 ಕಟ್ಟಿದ್ದೆ. 2025ರ ಸೆಪ್ಟೆಂಬರ್ 22ರಿಂದ ಆ 18% ತೆರಿಗೆ ತೆಗೆದಿದ್ದಾರಲ್ಲ, ಈ ಸಲ ಸ್ವಲ್ಪ ಕಡಿಮೆ ಬರ್ತದೆ ಅಂತ ಅಮ್ಮನ ಹತ್ತಿರ ಹೇಳಿಯೂ ಇಟ್ಟಿದ್ದೆ. ಬಂದದ್ದು 36,500! ತೆರಿಗೆ ಬಿಟ್ಟು ಲೆಕ್ಕ ಹಾಕಿದರೆ ಕಾಲು ಭಾಗಕ್ಕಿಂತ ಜಾಸ್ತಿ ಏರಿದೆ.

ಅದಕ್ಕಿಂತ ಬೇಜಾರು ಇನ್ನೊಂದು. ಅಮ್ಮನ ಪಿತ್ತಕೋಶದ ಆಪರೇಷನ್‌ಗೆ ಮಂಗಳೂರಿಗೆ ಹೋದಾಗ, ಅಡ್ಮಿಟ್ ಆದ ಮೇಲೆ ಕೌಂಟರಿನಲ್ಲಿ "ಈ ಕಂಪನಿಯ ಕ್ಯಾಶ್‌ಲೆಸ್ ಹೋದ ತಿಂಗಳೇ ನಿಂತಿದೆ" ಅಂದರು. ಅಂದರೆ ಬಿಲ್ಲನ್ನು ಕಂಪನಿ ನೇರ ಆಸ್ಪತ್ರೆಗೆ ಕಟ್ಟೋದಿಲ್ಲ, ಮೊದಲು ನಾವೇ ಕಟ್ಟಬೇಕು. ನಮಗೆ ಯಾರೂ ತಿಳಿಸಿರಲಿಲ್ಲ. ಅಮ್ಮನ ಎರಡು ಬಳೆ ಅಡವಿಟ್ಟು ದುಡ್ಡು ಹೊಂದಿಸಿದೆ. ಡಿಸ್ಚಾರ್ಜ್ ದಿನ ಅಮ್ಮ ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದರು, ಬರಿಗೈ ಕಾಣಬಾರದು ಅಂತ ಸೆರಗು ಮುಚ್ಚಿಕೊಂಡು. ಆಮೇಲೆ ದುಡ್ಡು ಬಂತು, ಆದರೆ ಪೂರ್ತಿ ಬರಲಿಲ್ಲ.

ಇಷ್ಟೊಂದು ಕಂಪನಿಗಳಿವೆ, ವಾರಕ್ಕೆ ನಾಲ್ಕು ಏಜೆಂಟರು ಫೋನ್ ಮಾಡ್ತಾರೆ. ಪೈಪೋಟಿ ಇದ್ದರೆ ರೇಟು ಇಳಿಯಬೇಕಲ್ವಾ? ನಮ್ಮ ಕಡೆಯವರು ಯಾವ ಕಂಪನಿ ಹಿಡಿದಿದ್ದೀರಿ, ಹೇಳಿ.

ಉಪ್ಪಳದವಳು:
ಅಣ್ಣ, ನಾನು ಎರಡು ವರ್ಷದ ಹಿಂದೆ ನನ್ನ ಅಮ್ಮನದ್ದು ಪೋರ್ಟ್ ಮಾಡಿದೆ, ಅಂದರೆ ಪಾಲಿಸಿಯನ್ನು ಬೇರೆ ಕಂಪನಿಗೆ ಬದಲಾಯಿಸಿದೆ. ರಿನ್ಯೂವಲ್ ದಿನಕ್ಕೆ ಕನಿಷ್ಠ 45 ದಿನ ಮೊದಲು ಹೊಸ ಕಂಪನಿಗೆ ಅರ್ಜಿ ಕೊಡಬೇಕು, ಕೊನೇ ವಾರ ಓಡಿದರೆ ಆಗೋದಿಲ್ಲ. ಪಾಲಿಸಿ ತಗೊಳ್ಳುವಾಗಲೇ ಇದ್ದ ಕಾಯಿಲೆಗೆ ದುಡ್ಡು ಸಿಗಲು ಕಾದ ವರ್ಷಗಳು ಹಳೇ 5 ಲಕ್ಷದ ಮಟ್ಟಿಗೆ ನಿಮ್ಮ ಜೊತೆಗೇ ಬರ್ತವೆ, 10 ಲಕ್ಷಕ್ಕೆ ಏರಿಸಿದರೆ ಮೇಲಿನ 5 ಲಕ್ಷಕ್ಕೆ ಮೊದಲಿಂದ ಕಾಯಬೇಕು. ಆದರೆ ಹೊಸ ಕಂಪನಿ ಬೇಡ ಅನ್ನಬಹುದು. ಅಮ್ಮನಿಗೆ ಶುಗರ್ ಇದೆ ಅಂತ ಇಬ್ಬರು ಬೇಡ ಅಂದರು, ಮೂರನೆಯವರು ಒಪ್ಪಿದರು. ನಿಜವಾದ ಪೈಪೋಟಿ ಇರೋದು ಮೂವತ್ತು ವರ್ಷದ ಗಟ್ಟಿಮುಟ್ಟು ಹುಡುಗರಿಗಾಗಿ. ನಮ್ಮ ಅಪ್ಪ ಅಮ್ಮನ ವಯಸ್ಸಿನವರು ಇದ್ದಲ್ಲೇ ಇರಬೇಕು ಅನ್ನೋ ಹಾಗಾಗಿದೆ, ಅದು ಕಂಪನಿಗಳಿಗೂ ಗೊತ್ತು. ಒಪ್ಪಿಗೆ ಕೈಗೆ ಬರುವ ತನಕ ಹಳೇ ಪಾಲಿಸಿ ಬಿಡಬೇಡಿ.

ಡೆಸ್ಕ್‌ನವ:
ಮಂಗಳೂರಿನ ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಎಂಟು ವರ್ಷ ಕೂತವನು ನಾನು, ಅಮ್ಮನಂಥವರನ್ನು ಎಷ್ಟೋ ಸಲ ಕಂಡು ಹೊಟ್ಟೆ ಉರಿದಿದೆ. ಆಸ್ಪತ್ರೆಗೂ ಕಂಪನಿಗೂ ದರದ ಒಪ್ಪಂದ ಇರ್ತದೆ. ದರ ಹೊಂದದಿದ್ದರೆ ಕ್ಯಾಶ್‌ಲೆಸ್ ನಿಲ್ಲುತ್ತದೆ, ನಡುವೆ ಸಿಕ್ಕಿಕೊಳ್ಳೋದು ರೋಗಿ. ಕುಂಬಳೆ, ಮಂಜೇಶ್ವರ ಕಡೆಯವರು ದೊಡ್ಡ ಕಾಯಿಲೆ ಅಂದರೆ ತಲಪಾಡಿಯಲ್ಲಿ ರಾಜ್ಯದ ಗಡಿ ದಾಟಿ ಬಂದೇ ಬರ್ತಾರೆ, ಹಾಗಾಗಿ ನಿಮಗೆ ಕಂಪನಿ ಇಪ್ಪತ್ತಿದ್ದರೂ ಆಸ್ಪತ್ರೆ ಬೆರಳೆಣಿಕೆಯಷ್ಟೇ. ನ್ಯೂ ಇಂಡಿಯಾ, ಓರಿಯೆಂಟಲ್, ನ್ಯಾಷನಲ್, ಯುನೈಟೆಡ್ ಇಂಡಿಯಾ, ಈ ನಾಲ್ಕು ಸರ್ಕಾರಿ ಕಂಪನಿಗಳು ಒಟ್ಟಾಗಿ ಪ್ಯಾಕೇಜ್ ದರ ಮಾತಾಡಿದ ಆಸ್ಪತ್ರೆಗಳಿಗೆ ಪಿಪಿಎನ್ ಅಂತಾರೆ. ನೀವು ಹೋಗುವ ಆಸ್ಪತ್ರೆ ಅದರಲ್ಲಿ ಇದೆಯಾ ಅಂತ ಆಸ್ಪತ್ರೆಗೇ ಫೋನ್ ಮಾಡಿ ಕೇಳಿ. ಏಜೆಂಟ್ ಕೊಟ್ಟ ಪಟ್ಟಿ ಹಳೇದಿರಬಹುದು.

ಪೂರ್ತಿ ಬರಲಿಲ್ಲ ಅಂದಿರಲ್ಲ, ರೂಮ್ ಬಾಡಿಗೆಯ ಮಿತಿ ನೋಡಿ. ದಿನಕ್ಕೆ ಪಾಲಿಸಿ ಮೊತ್ತದ 1% ಅಂತಿದ್ದರೆ 5 ಲಕ್ಷಕ್ಕೆ 5,000. ನೀವು 8,000ದ ರೂಮ್ ತಗೊಂಡರೆ ಬರೀ 3,000 ಕಳೆಯೋದಿಲ್ಲ. ಡಾಕ್ಟರ್ ಫೀಸು, ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಅದೇ ಲೆಕ್ಕದಲ್ಲಿ ಕಡಿತಾರೆ. ಆ ಬಾಬ್ತು 60,000 ಆದರೆ ನಿಮಗೆ ಸಿಗೋದು 37,500. ಔಷಧಿಗೆ ಈ ಕಡಿತ ಇಲ್ಲ, ಔಷಧಿಯಲ್ಲೂ ಕಡಿದಿದ್ದರೆ ಜಗಳ ಮಾಡಿ.

ಇನ್ನೊಂದು, 60 ದಾಟಿದವರ ಪಾಲಿಸಿ ದರವನ್ನು ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸೋದಾದರೆ ಮೊದಲು ತನ್ನನ್ನು ಕೇಳಬೇಕು ಅಂತ ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2025ರ ಜನವರಿಯಲ್ಲೇ ಹೇಳಿದೆ. ನಿಮ್ಮದು ದರವೇ ಏರಿದ್ದಾ, ಅಪ್ಪ ಮುಂದಿನ ವಯಸ್ಸಿನ ಗುಂಪಿಗೆ (ಸ್ಲ್ಯಾಬ್) ಹೋದದ್ದರಿಂದ ಏರಿದ್ದಾ ಅಂತ ಬರವಣಿಗೆಯಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ ಮಾರಾಯ್ರೆ.

ಮುಳ್ಳೇರಿಯ ಮಾಷ್ಟ್ರು:
ನಾನು ಕೇರಳ ಸರ್ಕಾರದ ಪಿಂಚಣಿದಾರ, ನಮಗೆ ಮೆಡಿಸೆಪ್ ಇದೆ, ಸರ್ಕಾರಿ ನೌಕರರ, ಪಿಂಚಣಿದಾರರ ಆರೋಗ್ಯ ವಿಮೆ. 2022ರ ಜುಲೈಯಲ್ಲಿ ಶುರುವಾದಾಗ ತಿಂಗಳಿಗೆ 500 ರೂಪಾಯಿ ಹಿಡಿದು ವರ್ಷಕ್ಕೆ 3 ಲಕ್ಷ, ವಯಸ್ಸು ಎಷ್ಟಾದರೂ ಒಂದೇ ಕಂತು. ಎಲ್ಲರನ್ನೂ ಒಟ್ಟಿಗೆ ಸೇರಿಸಿದರೆ ಮುದುಕರ ಭಾರ ಹಂಚಿಹೋಗ್ತದೆ. ತೋಟ ನಂಬಿದವರಿಗೆ ಅಂಥದ್ದು ಇಲ್ಲದಿರೋದು ದೊಡ್ಡ ಅನ್ಯಾಯ.

ಒಂದು ಮಾತು ಮರೀಬೇಡಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರು ತಲುಪಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತರು. ಅದಕ್ಕೇ ನಾನು ಕಣ್ಣೂರು ಕಡೆಯ ಒಂದು ಆಸ್ಪತ್ರೆಯೂ ಪಟ್ಟಿಯಲ್ಲಿ ಇದೆಯಾ ಅಂತ ನೋಡ್ತೇನೆ.

ಕಡಿದ ದುಡ್ಡಿಗೆ ಮೊದಲು ಕಂಪನಿಗೆ ದೂರು ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿ ಇಲ್ಲದಿದ್ದರೆ ವಿಮೆಯ ದೂರು ಕೇಳುವ ಅಧಿಕಾರಿ ಇದ್ದಾರೆ, ಅವರೇ ವಿಮಾ ಓಂಬುಡ್ಸ್‌ಮನ್. ಖರ್ಚಿಲ್ಲ, ವಕೀಲರೂ ಬೇಡ. ನಮ್ಮ ವಿಳಾಸಕ್ಕೆ ಕೊಚ್ಚಿಯ ಕಚೇರಿ, ಆದರೆ ಪಾಲಿಸಿ ಮಂಗಳೂರಿನ ಶಾಖೆಯದ್ದಾದರೆ ಬೆಂಗಳೂರಿನ ಕಚೇರಿಗೂ ಕೊಡಬಹುದು.

ಬದಿಯಡ್ಕದವ:
ಡೆಸ್ಕ್‌ನವರೇ, ಈಗಷ್ಟೇ ಬಿಲ್ಲು ತೆಗೆದು ನೋಡಿದೆ. ರೂಮ್ 7,500, ಮಿತಿ 5,000. ನೀವು ಹೇಳಿದ ಹಾಗೇ ಕಡಿದಿದ್ದಾರೆ, ಔಷಧಿಯಲ್ಲೂ ಕಡಿದಿದ್ದಾರೆ. ಪಾಲಿಸಿ ಮಂಗಳೂರು ಶಾಖೆಯದ್ದೇ, ಮಾಷ್ಟ್ರೇ. ರಿನ್ಯೂವಲ್‌ಗೆ ಇನ್ನೂ 52 ದಿನ ಇದೆ. ಪೋರ್ಟ್ ಅರ್ಜಿ ಈ ವಾರವೇ ಹಾಕ್ತೇನೆ, ಔಷಧಿಯ ದೂರು ಇವತ್ತು ರಾತ್ರಿ ಬರೆಯುತ್ತೇನೆ. ಅಕ್ಕ, ನಿಮ್ಮ ಅಮ್ಮನನ್ನು ಒಪ್ಪಿದ ಆ ಮೂರನೇ ಕಂಪನಿ ಯಾವುದು ಅಂತ ಮೆಸೇಜ್ ಮಾಡ್ತೀರಾ? ನನ್ನ ಅಪ್ಪನಿಗೂ ಶುಗರ್ ಇದೆ.